ಉತ್ತರಕ್ಕೆ ಮುಖ ಮಾಡಿದ ಡ್ರೆಸ್ಸು

ಜೂನ್ ತಿಂಗಳಲ್ಲಿ ಉಡುಪಿಯ ಯಾವ ಟೈಲರ್ ಮುಂದೆಯೂ ಹೊಸ ಬಟ್ಟೆ ಹಿಡಿದು ನಿಲ್ಲಬಾರದು. ಶಾಲೆ ಶುರುವಾಗಿರುತ್ತದೆ. ಅಂಗಡಿಯೊಳಗೆ ಸೊಂಟದವರೆಗೆ ಯೂನಿಫಾರಂ ರಾಶಿ. ಅದರ ಆಚೆಯಿಂದ ಟೈಲರಣ್ಣನ ಸ್ವರ ಮಾತ್ರ ಕೇಳಿಸುತ್ತದೆ: "ಅಕ್ಕ, ಅಷ್ಟಮಿ ಕಳೀಲಿ."

ಅಷ್ಟಮಿ ಬರುವುದು ಆಗಸ್ಟಿಗೋ ಸೆಪ್ಟೆಂಬರಿಗೋ. ಅಣ್ಣನ ಮಗುವಿನ ನಾಮಕರಣ ಅಲ್ಲಿಯವರೆಗೆ ಕಾಯುವುದಿಲ್ಲ ಅಲ್ವಾ? ಹಾಗಾಗಿ ಇಂಟರ್ನೆಟ್ಟಿನಿಂದ ಒಂದು ಪ್ಯಾಟರ್ನ್, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚು, ಇಳಿಸಿಕೊಂಡೆ. ಪುಕ್ಕಟೆ. ಚಿತ್ರದಲ್ಲಿದ್ದ ಹುಡುಗಿ ಮೊಣಕಾಲುದ್ದದ ಡ್ರೆಸ್ ಹಾಕಿಕೊಂಡು, ಎರಡೂ ಜೇಬಿಗೆ ಕೈ ಇಳಿಬಿಟ್ಟು ನಗುತ್ತಿದ್ದಳು. ನಾನು ಮರುಳಾದದ್ದು ಆ ಜೇಬಿಗೆ. ನಮ್ಮ ಕಡೆ ಹೆಂಗಸರು ಜೇಬು ಇಡಿ ಅಂದರೆ, ಟೈಲರ್‌ಗಳು ಆಸ್ತಿಯಲ್ಲಿ ಪಾಲು ಕೇಳಿದ ಹಾಗೆ ಮುಖ ಮಾಡುತ್ತಾರೆ.

ಕಾಗದದ ಪ್ಯಾಟರ್ನ್ ಅನ್ನುವುದು ಹೊಸದೇನಲ್ಲ. 1863ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಎಬನೀಜರ್ ಬಟರಿಕ್ ಎಂಬ ಟೈಲರ್ ಬೇರೆ ಬೇರೆ ಅಳತೆಯ ಪ್ಯಾಟರ್ನುಗಳನ್ನು ಮಾಡಿ ಮಾರಲು ಶುರು ಮಾಡಿದ. ಅದಕ್ಕೂ ಮೊದಲು ಸಾಮಾನ್ಯವಾಗಿ ಸಿಗುತ್ತಿದ್ದದ್ದು ಒಂದೇ ಅಳತೆ. ಅದನ್ನು ಹಿಗ್ಗಿಸುವುದು ಕುಗ್ಗಿಸುವುದು ಕೊಂಡವರ ಹಣೆಬರಹ. ಆ ಪುಣ್ಯಾತ್ಮ ಕಾಗದವನ್ನು ಕತ್ತರಿಸಿ, ಮಡಚಿ ಕೊಡುತ್ತಿದ್ದ. ಈಗಿನವರು ಪಿಡಿಎಫ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಕಾಗದ ನಿಮ್ಮದು, ಪ್ರಿಂಟರ್ ನಿಮ್ಮದು, ಗಮ್‌ಟೇಪು ನಿಮ್ಮದು.

ಮೊದಲು ಅಳತೆಯ ಪಟ್ಟಿ. ಅಮೆರಿಕದ ಪ್ಯಾಟರ್ನುಗಳ ಹಳೆಯ ಲೆಕ್ಕದಲ್ಲಿ 14ನೇ ಸೈಜ್ ಅಂದರೆ ಎದೆ 36 ಇಂಚು, ಸೊಂಟ 28 ಇಂಚು. ನಮ್ಮೂರಿನಲ್ಲಿ ಎದೆಗೂ ಸೊಂಟಕ್ಕೂ ಅಷ್ಟು ಭಿನ್ನಾಭಿಪ್ರಾಯ ಇರುವುದಿಲ್ಲ. ಸಾಲದ್ದಕ್ಕೆ ಅವರ ಹೆಂಗಸು ಐದೂವರೆ ಅಡಿ ಎತ್ತರ. ನಾನು ಐದು ಅಡಿ, ಅದೂ ತುರುಬು ಕಟ್ಟಿದರೆ. ಅವಳ ಸೊಂಟ ಬರುವ ಜಾಗದಲ್ಲಿ ನನಗೆ ಬೇರೆಯೇ ವ್ಯವಹಾರ ಶುರುವಾಗಿರುತ್ತದೆ.

ಪ್ರಿಂಟ್ ಮಾಡಿಸಲು ಮಣಿಪಾಲಕ್ಕೆ ಹೋದೆ. ಅಲ್ಲಿನ ಜೆರಾಕ್ಸ್ ಅಂಗಡಿಗೆ ಏನೇ ಬಂದರೂ ಅದು ಪ್ರಾಜೆಕ್ಟ್ ರಿಪೋರ್ಟೇ. ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿ, "ಆಕ್ಚುವಲ್ ಸೈಜ್‌ನಲ್ಲೇ ಬರಬೇಕು" ಅಂತ ಒತ್ತಿ ಹೇಳಿ, ತರಕಾರಿ ತರಲು ಹೋದೆ. ವಾಪಸ್ ಬಂದಾಗ ಹುಡುಗ ನಗುನಗುತ್ತಾ ಒಂದು ಪುಸ್ತಕ ಕೈಗಿತ್ತ. ಹೌದು, ಪುಸ್ತಕ. ಸ್ಪೈರಲ್ ಹಾಕಿತ್ತು. ಮುಂದೆ ಪಾರದರ್ಶಕ ಹಾಳೆ, ಹಿಂದೆ ನೀಲಿ ರಟ್ಟು.

"ಅಕ್ಕ, ಮಾರ್ಜಿನ್ ಕಟ್ ಆಗ್ತಿತ್ತು. ನಾನೇ ಸ್ವಲ್ಪ ಸಣ್ಣ ಮಾಡಿ ಕೂರಿಸಿದ್ದೇನೆ. ಕಾಗದ ವೇಸ್ಟ್ ಆಗ್ಬಾರ್ದು ಅಂತ ಎರಡೂ ಬದಿ ಹೊಡೆದಿದ್ದೇನೆ. ಯಾವಾಗ ಸಬ್‌ಮಿಷನ್?"

ಬಯ್ಯಲು ಬಾಯಿ ಬರಲಿಲ್ಲ. ಇಷ್ಟು ಮುತುವರ್ಜಿಯಿಂದ ಹಾಳು ಮಾಡಿದವರನ್ನು ಬಯ್ಯುವುದು ಹೇಗೆ ಮಾರಾಯ್ರೆ? ಇಂಥ ಪ್ಯಾಟರ್ನಿನ ಹಾಳೆಗಳನ್ನು ಒಂದರ ಪಕ್ಕ ಒಂದು ಅಂಟಿಸಿದರೆ ಮಾತ್ರ ಪೂರ್ತಿ ಚಿತ್ರ ಸಿಗುವುದು. ಇಲ್ಲಿ ಒಂದು ಬದಿಯಲ್ಲಿ ಕೊರಳು, ಅದೇ ಹಾಳೆಯ ಬೆನ್ನಿಗೆ ತೋಳು. ಕೊರಳು ಕತ್ತರಿಸಿದರೆ ತೋಳು ತುಂಡಾಗುತ್ತದೆ. ಜೊತೆಗೆ ಪ್ರತಿ ಹಾಳೆಯ ಎಡಕ್ಕೂ ಸಾಲು ತೂತು. ಮೊದಲ ಪುಟದಲ್ಲಿ ಪರೀಕ್ಷೆಗೆಂದೇ ಒಂದು ಚೌಕ ಇರುತ್ತದೆ. ಪ್ರಿಂಟ್ ಸರಿ ಬಂದಿದ್ದರೆ ಅದು 4 ಇಂಚು ಇರಬೇಕು. ಟೇಪು ಹಿಡಿದರೆ ಮೂರೂಮುಕ್ಕಾಲು. "ಕಾಲಿಂಚಿಗೆ ಎಂತ ಆಗ್ತದೆ ಅಕ್ಕ?" ಅಂದ. ಏನಾಗುತ್ತದೆ ಅಂದರೆ, ಅದೇ ಲೆಕ್ಕದಲ್ಲಿ 36 ಇಂಚಿನ ಎದೆ ಮೂವತ್ತಮೂರೂಮುಕ್ಕಾಲಿಗೆ ಇಳಿಯುತ್ತದೆ. ಆ ಡ್ರೆಸ್ ಹಾಕಬೇಕಿದ್ದರೆ ನನ್ನ ಎರಡೂಕಾಲು ಇಂಚನ್ನು ಮಣಿಪಾಲದಲ್ಲೇ ಬಿಟ್ಟು ಬರಬೇಕಿತ್ತು.

ಪ್ಯಾಟರ್ನಿನವರು ಎ ಝೀರೋ ಹಾಳೆಯ ಫೈಲನ್ನೂ ಕೊಟ್ಟಿದ್ದರು. 841 ಮಿಲಿಮೀಟರ್ ಅಗಲ, 1189 ಉದ್ದ. ಅಂಟಿಸುವ ಕೆಲಸವೇ ಇಲ್ಲ. ಆದರೆ ಅಷ್ಟು ದೊಡ್ಡದನ್ನು ಪ್ರಿಂಟ್ ಮಾಡುವುದು ಮನೆಯ ಪ್ಲಾನ್ ಮಾಡಿಕೊಡುವವರ ಹತ್ತಿರದ ಮೆಷಿನ್ನಿನಲ್ಲಿ. ಉಡುಪಿಯಲ್ಲಿ ಅಂಥದ್ದೊಂದು ಅಂಗಡಿ ಹುಡುಕಿದೆ. ವಯಸ್ಸಾದವರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೇಜಿನ ಮೇಲೆ ಹಾಳೆ ಬಿಡಿಸಿ, ತುಂಬಾ ಹೊತ್ತು ನೋಡಿದರು.

"ಸೈಟ್ ಸ್ವಲ್ಪ ವಕ್ರ ಉಂಟು."

"ಅದು ಕಂಕುಳು ಸಾರ್."

ಅವರಿಗೆ ಕೇಳಿಸಲಿಲ್ಲ. ಪ್ಯಾಟರ್ನಿನ ಪ್ರತಿ ತುಂಡಿನ ಮೇಲೂ ಒಂದು ಉದ್ದ ಬಾಣ ಇರುತ್ತದೆ. ಬಟ್ಟೆಯ ಉದ್ದದ ಎಳೆ ಯಾವ ಕಡೆಗೆ ಬರಬೇಕು ಅಂತ ತೋರಿಸುವ ಗುರುತು. ಅವರು ಅದರ ಮೇಲೆ ಬೆರಳಿಟ್ಟರು. "ಉತ್ತರ ಇಲ್ಲಿ ಉಂಟು. ಸರಿ. ಬಾಗಿಲು ಎಲ್ಲಿ ಇಡ್ತೀರಿ?"

ಡ್ರೆಸ್ ಅಂತ ಬಿಡಿಸಿ ಹೇಳಿದ ಮೇಲೆ ದುಡ್ಡು ಮಾತ್ರ ಪ್ಲಾನಿನದ್ದೇ ತೆಗೆದುಕೊಂಡರು.

ಬಟ್ಟೆಯ ಅಂಗಡಿಯಲ್ಲಿ ಗಣಿತ. ಪ್ಯಾಟರ್ನ್ ಹೇಳುವುದು 3 ಗಜ, ಅಂದರೆ 2.74 ಮೀಟರ್. ಆದರೆ ಅದು 60 ಇಂಚು ಅಗಲದ ಬಟ್ಟೆಗೆ. ನನಗೆ ಇಷ್ಟವಾದ ನೀಲಿ ಕೈಮಗ್ಗದ ಕಾಟನ್ 36 ಇಂಚು. ಅಂಗಡಿಯವರು ಲೆಕ್ಕ ಮಾಡಲು ಬಿಡಲಿಲ್ಲ. "ಐದು ಮೀಟರ್ ತಕ್ಕೊಳ್ಳಿ, ಉಳಿದ್ರೆ ದಿಂಬಿನ ಕವರ್ ಆಗ್ತದೆ" ಅಂತ ಹರಿದೇ ಬಿಟ್ಟರು.

ಕಾಟನ್ ತೊಳೆದರೆ ಕುಗ್ಗುತ್ತದೆ. ಅದಕ್ಕೇ ಕತ್ತರಿಸುವ ಮೊದಲು ನೆನೆಸಿ ಒಣಗಿಸಬೇಕು. ಒಳ್ಳೆಯ ಮಾತು. ಬರೆದವರು ಉಡುಪಿಯ ಮಳೆ ನೋಡಿಲ್ಲ, ಅಷ್ಟೇ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಸುರಿಯುವ ಊರು ಇದು. ಅದರಲ್ಲಿ ಹೆಚ್ಚಿನ ಪಾಲು ಜೂನ್, ಜುಲೈಯಲ್ಲೇ. ಆಗ ಕರ್ಚೀಫ್ ಒಣಗಲಿಕ್ಕೇ ದಿನಗಟ್ಟಲೆ ಬೇಕು. ಐದು ಮೀಟರ್ ಬಟ್ಟೆ ಚಾವಡಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನೇತಾಡಿತು. ಬಂದವರೆಲ್ಲ ತಲೆ ತಗ್ಗಿಸಿ ಒಳಗೆ ಬಂದರು. ಕೊನೆಗೆ ಅತ್ತೆ ಅದನ್ನು ಬಚ್ಚಲ ಒಲೆಯ ಮೇಲೆ ಹರವಿದರು. ಒಣಗಿತು. ಬಣ್ಣವೂ ಬಿಡಲಿಲ್ಲ. ತೆಂಗಿನ ಸಿಪ್ಪೆಯ ಹೊಗೆಯ ವಾಸನೆ ಮಾತ್ರ ಇವತ್ತಿಗೂ ಹೋಗಿಲ್ಲ.

ಮಳೆ ಅಂದ ಮೇಲೆ ಸಂಜೆ ಗೋಳಿಬಜೆ ಆಗಲೇಬೇಕು. ನಾನು ಪ್ಯಾಟರ್ನ್ ಕತ್ತರಿಸಿ, ತುಂಡುಗಳನ್ನು ಮೇಜಿನ ಮೇಲಿಟ್ಟು, ಚಾಕ್ ಹುಡುಕಲು ಒಳಗೆ ಹೋಗಿದ್ದೆ. ಬಂದು ನೋಡಿದರೆ ತಟ್ಟೆಯಲ್ಲಿ ತೋಳು. ಅದರ ಮೇಲೆ ಬಿಸಿ ಬಿಸಿ ಗೋಳಿಬಜೆ.

"ದಪ್ಪ ಕಾಗದ, ಎಣ್ಣೆ ಚೆನ್ನಾಗಿ ಹೀರ್ತದೆ" ಅಂದರು ಅತ್ತೆ.

ಎಣ್ಣೆ ಕುಡಿದ ಕಾಗದ ಗಾಜಾಗಿತ್ತು. ಕೆಳಗಿನ ಸ್ಟೀಲ್ ತಟ್ಟೆಯ ಗೀರುಗಳೂ ಕಾಣುತ್ತಿದ್ದವು. ನಡುನಡುವೆ ಗುಂಡಗಿನ ಕಲೆ, ಕಲೆಯ ಅಂಚಿಗೆ ಅಂಟಿಕೊಂಡ ಕರಿಬೇವಿನ ಚೂರು. ತೋಳಿನ ಅಂಚಿನಲ್ಲಿ ಸಣ್ಣ ಗುರುತುಗಳಿರುತ್ತವೆ. ಒಂದು ಗೀಟಿದ್ದರೆ ಮುಂಭಾಗ, ಎರಡಿದ್ದರೆ ಹಿಂಭಾಗ. ಆ ಅಂಚು ಎಣ್ಣೆಯಲ್ಲಿ ನೆಂದು ಗೋಳಿಬಜೆಯ ಜೊತೆಗೇ ಎದ್ದು ಹೋಗಿತ್ತು. ಮಾವ ಅದನ್ನು ತಿಂದೂ ಆಗಿತ್ತು.

ಅಲ್ಲಿಂದ ಮುಂದೆ ಕತ್ತರಿ ಅತ್ತೆಯ ಕೈಗೆ ಹೋಯಿತು. ಅವರ ಪ್ರಕಾರ ಇದೆಲ್ಲ ಸುಮ್ನೆ ಶೋಕಿ. "ಒಂದು ಅಳತೆ ಚೂಡಿದಾರ್ ಇಟ್ಟು ಕತ್ತರಿಸ್ಲಿಕ್ಕೆ ಇಷ್ಟು ಕಾಗದ ಎಂತಕ್ಕೆ?" ಪ್ಯಾಟರ್ನಿನಲ್ಲಿ ಹೊಲಿಗೆಗೆ ಬಿಡುವ ಅಂಚು ಒಂದೂವರೆ ಸೆಂಟಿಮೀಟರ್. ಅದನ್ನು ಕೇಳಿ ಅವರಿಗೆ ಕನಿಕರ ಬಂತು. "ಪಾಪ, ಅಲ್ಲಿಯವರು ದಪ್ಪ ಆಗುವುದೇ ಇಲ್ವಾ?" ಅಂತ ನಾಲ್ಕೂ ಕಡೆ ಎರಡೆರಡು ಇಂಚು ಜಾಸ್ತಿ ಬಿಟ್ಟು ಕತ್ತರಿಸಿದರು. ಬಟ್ಟೆ ಉಳಿಸಬೇಕಂತ ತೋಳುಗಳನ್ನು ಒಂದೇ ಪದರದಲ್ಲಿ, ಒಂದೇ ದಿಕ್ಕಿಗೆ ಕತ್ತರಿಸಿದ್ದರಿಂದ ಎರಡೂ ಎಡಗೈಗೆ ಬಂದವು. ಕೈಮಗ್ಗದ ಪುಣ್ಯ, ಆ ಬಟ್ಟೆಗೆ ಒಳಗು ಹೊರಗು ಅಂತ ಭೇದವಿರಲಿಲ್ಲ. ಒಂದನ್ನು ಮಗುಚಿ ಹಾಕಿದಾಗ ಬಲಗೈ ಆಯಿತು.

ಅತ್ತೆಯದ್ದು ಕಾಲಿನಲ್ಲಿ ತುಳಿಯುವ ಹಳೇ ಮೆಷಿನ್. ಕರೆಂಟು ಹೋದರೆ ಅದಕ್ಕೇನೂ ಆಗುವುದಿಲ್ಲ. ಆದರೆ ಥಂಡಿಗೆ ಚರ್ಮದ ಬೆಲ್ಟ್ ಸಡಿಲಾಗುತ್ತದೆ. ಅದನ್ನು ಅರ್ಧ ಇಂಚು ಕತ್ತರಿಸಿ, ಮತ್ತೆ ಕೊಕ್ಕೆ ಹಾಕಿ ಕೂಡಿಸಬೇಕು. ಮಾವ ಎಮರ್ಜೆನ್ಸಿ ಲೈಟ್ ಹಿಡಿದು ನಿಂತರು. ಹಿಡಿದದ್ದು ಸೂಜಿಯ ಕಡೆಗೋ ಟಿವಿ ರಿಮೋಟ್ ಹುಡುಕಲಿಕ್ಕೋ ಅಂತ ಈಗಲೂ ಚರ್ಚೆ ಇದೆ.

ನಾಮಕರಣಕ್ಕೆ ನಾನು ಸೀರೆ ಉಟ್ಟುಕೊಂಡೇ ಹೋದೆ.

ಡ್ರೆಸ್ ತಯಾರಾದದ್ದು ಅದರ ಮರುವಾರ. ಅಮೆರಿಕದ ಎತ್ತರ, ಅತ್ತೆಯ ಎರಡೆರಡು ಇಂಚು, ಎರಡೂ ಸೇರಿ ನನ್ನ ಪಾದದವರೆಗೆ ಇಳಿಯಿತು. ಕನ್ನಡಿಯ ಮುಂದೆ ಎಷ್ಟು ತಿರುಗಿದರೂ ಅದು ಡ್ರೆಸ್ ಆಗಲು ಒಪ್ಪಲಿಲ್ಲ. ಕರಾವಳಿಯಲ್ಲಿ ಸಡಿಲವಾಗಿ, ಉದ್ದಕ್ಕೆ, ಕಾಟನ್ನಿನಲ್ಲಿ ಏನೇ ಹೊಲಿದರೂ ಅದು ಕೊನೆಗೆ ನೈಟಿಯೇ. ಅತ್ತೆ ಒಮ್ಮೆ ಹಾಕಿ ನೋಡುತ್ತೇನೆ ಅಂದರು. ಜೇಬಿಗೆ ಕೈ ಹಾಕಿದರು. ಒಂದರಲ್ಲಿ ಮೊಬೈಲ್, ಇನ್ನೊಂದರಲ್ಲಿ ಅಡಿಕೆ ಕತ್ತರಿ. ಆಮೇಲೆ ಅದು ನನ್ನ ಕಪಾಟಿಗೆ ವಾಪಸ್ ಬರಲಿಲ್ಲ.

ಮೊನ್ನೆ ಪಕ್ಕದ ಮನೆಯ ಅಕ್ಕ ಬಂದು, "ಜೇಬಿನ ನೈಟಿ ನನಗೂ ಒಂದು ಬೇಕಿತ್ತು, ಆ ಪ್ಯಾಟರ್ನ್ ಉಂಟಾ?" ಅಂತ ಕೇಳಿದರು. ನಾನು ಸ್ಪೈರಲ್ ಪುಸ್ತಕ ತರಲು ಏಳುವಷ್ಟರಲ್ಲಿ ಅತ್ತೆ ಜೇಬಿನಿಂದ ಟೇಪು ತೆಗೆದಾಗಿತ್ತು.

"ಕಾಗದ ಗೀಗದ ಎಲ್ಲ ಬೇಡ. ನಿಮ್ಮದೊಂದು ಹಳೇ ನೈಟಿ ಅಳತೆಗೆ ತನ್ನಿ. ಹೊಲಿಗೆಗೆ ಇನ್ನೂರೈವತ್ತು. ಜೇಬಿಗೆ ಬೇರೆ."