ಕರ್ಣನ ಸಂಕಟಕ್ಕೆ 3 ಅಂಕ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂತು, ವಾಟ್ಸ್ಆ್ಯಪ್‌ನಲ್ಲಿ ಆ ಪಿಡಿಎಫ್ ಮತ್ತೆ ಓಡಾಡುತ್ತಿದೆ. ಪ್ರಥಮ ಭಾಷೆ ಕನ್ನಡ, ಪಾಸಿಂಗ್ ಪ್ಯಾಕೇಜ್. ಮನೆಯಲ್ಲಿ ಹತ್ತನೇ ಕ್ಲಾಸಿನವರಿದ್ದರೆ ನಿಮಗೂ ಬಂದಿರುತ್ತದೆ. ಅಲಂಕಾರದ ಪುಟವನ್ನೊಮ್ಮೆ ನೋಡಿ, ಎಷ್ಟು ಚೊಕ್ಕವಾಗಿದೆ! ವಾಕ್ಯದಲ್ಲಿ ‘ಅಂತೆ’ ಕಂಡರೆ ಉಪಮೆ. ಕಾಣದಿದ್ದರೆ ರೂಪಕ. ‘ಏನೋ ಎಂಬಂತೆ’ ಇದ್ದರೆ ಉತ್ಪ್ರೇಕ್ಷೆ. ಗಾದೆ ಥರ ಇದ್ದರೆ ದೃಷ್ಟಾಂತ. ಮುಗೀತು. ಇಷ್ಟಕ್ಕೆ ದಂಡಿ, ಭಾಮಹರಂಥ ಹಳೇ ಅಲಂಕಾರಶಾಸ್ತ್ರಜ್ಞರು ಯಾಕೆ ಅಷ್ಟು ತಲೆ ಕೆಡಿಸಿಕೊಂಡರೋ.

ಇದರ ದೊಡ್ಡ ಅನುಕೂಲ ಏನೆಂದರೆ, ಪದ್ಯ ಓದಬೇಕಿಲ್ಲ. ಕನ್ನಡದ ಜನ ‘ಕುರಿತೋದದೆಯುಂ’ ಕಾವ್ಯಪ್ರಯೋಗದಲ್ಲಿ ಪಳಗಿದವರು ಎಂದು 9ನೇ ಶತಮಾನದಲ್ಲೇ ಕವಿರಾಜಮಾರ್ಗ ಹೊಗಳಿತ್ತಲ್ಲ. ಅದರಲ್ಲಿ ಓದದಿರುವ ಭಾಗವನ್ನು ನಾವು ಪೂರ್ತಿ ಸಾಧಿಸಿದ್ದೇವೆ.

ರೂಪಕಕ್ಕೆ ಕಾಯಂ ಪ್ರಶ್ನೆ, ಕುಮಾರವ್ಯಾಸನ ‘ಮಾರಿಗೌತಣವಾಯ್ತು ನಾಳಿನ ಭಾರತವು’. ಉತ್ತರವೂ ಕಾಯಂ. ಉಪಮೇಯ, ಅಂದರೆ ವರ್ಣಿಸುತ್ತಿರುವ ವಸ್ತು: ಭಾರತ ಯುದ್ಧ. ಉಪಮಾನ, ಅಂದರೆ ಹೋಲಿಕೆಗೆ ತಂದ ವಸ್ತು: ಮಾರಿಯ ಔತಣ. ಎರಡಕ್ಕೂ ಭೇದವಿಲ್ಲವೆಂದು ವರ್ಣಿಸಿರುವುದರಿಂದ ಇದು ರೂಪಕಾಲಂಕಾರ. 3 ಅಂಕ. ಈ ಮಾತು ಹೇಳಿದವನು ಯಾರು, ಯಾಕೆ ಹೇಳಿದ? ಅದೆಲ್ಲ ‘ಸಂದರ್ಭದೊಡನೆ ವಿವರಿಸಿ’ ವಿಭಾಗದ್ದು. ಅಲ್ಲಿನದನ್ನು ಇಲ್ಲಿಗೆ ತರಬಾರದು.

ಮಾರಿ ಅಂದರೆ ಯಾರು ಅಂತ ಹಳ್ಳಿ ಮಕ್ಕಳಿಗೆ ಹೇಳಿಕೊಡಬೇಕಾ? ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಊರೆಲ್ಲ ಸೇರುತ್ತದೆ. ಹಳೇ ಮೈಸೂರು ಕಡೆ ಮಾರಿಹಬ್ಬ ಅಂದರೆ ತಮಟೆ, ನೆಂಟರು, ಬಾಡೂಟ. ಮಾರಿಯ ಮುಂದೆ ಏನು ಬೀಳುತ್ತದೆ ಅನ್ನುವುದು ಹಿಂದಿನ ಬೆಂಚಿನ ಹುಡುಗನಿಗೆ ಚೆನ್ನಾಗಿ ಗೊತ್ತು. ಯುದ್ಧಕ್ಕೆ ಮುಂಚೆ ಕರ್ಣ ಕೃಷ್ಣನಿಗೆ ಹೇಳುತ್ತಿರುವುದೂ ಅದನ್ನೇ. ನಾಳೆ ಅವಳ ಎಲೆಗೆ ಬೀಳುವುದು ಇಡೀ ಸೈನ್ಯ, ಜೊತೆಗೆ ನಾನು. ಆ ಹುಡುಗ ಮೇಷ್ಟ್ರಿಗೇ ಪಾಠ ಹೇಳಬಹುದಿತ್ತು. ಅವನನ್ನು ಯಾರೂ ಕೇಳಲಿಲ್ಲ. ಅವನು ಉಪಮೇಯ, ಉಪಮಾನ ಅದಲುಬದಲು ಬರೆದ. ಅಂಕ ಹೋಯಿತು.

ಅದೇ ಪದ್ಯಕ್ಕೆ ಪ್ರಸ್ತಾರವೂ ಹಾಕಬೇಕು, ಅಂದರೆ ಅಕ್ಷರಕ್ಕೆ ಲಘು, ಗುರು ಗುರುತು ಹಾಕಿ ಗಣ ಬಿಡಿಸಬೇಕು. ಆರು ಸಾಲಿನ ಭಾಮಿನಿ ಷಟ್ಪದಿ. ನಾಲ್ಕು ಸಾಲಿಗೆ ತಲಾ 14 ಮಾತ್ರೆ, 3 ಮತ್ತು 6ನೇ ಸಾಲಿಗೆ 23, ಒಟ್ಟು 102. ಸ್ಕೇಲು ಇಟ್ಟು ಗೆರೆ ಎಳೆದರೆ ‘ಭಾರ/ತವುಚತು/ರಂಗ/ಬಲದಲಿ’. ಈ ತವುಚತು ಯಾರಪ್ಪಾ, ಕೌರವರ ಕಡೆಯವನಾ? ಗಮಕಿಯೊಬ್ಬರು ಹಾಡಿದರೆ ಮೂರು ನಾಲ್ಕು, ಮೂರು ನಾಲ್ಕು ಅಂತ ತಾನಾಗಿಯೇ ಕಿವಿಗೆ ಬೀಳುತ್ತದೆ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲ. ಬಾಯಿಯನ್ನೇ ಬಿಡದೆ ಆ ಕಾಲ ಅಳೆಯುವ ವಿದ್ಯೆ ನಮ್ಮದು! 3ನೇ ಸಾಲು ‘ಸುಭಟಕೋಟಿಯನು’ ಎಂದು ಮುಗಿಯುತ್ತದೆ. ಆ ‘ನು’ ಲಘು, ಒಂದೇ ಮಾತ್ರೆ, ಆದರೂ ಎರಡು ಮಾತ್ರೆಯ ಗುರು ಹಾಕಬೇಕು. ಯಾಕೆ ಸಾರ್? ಹಾಕಬೇಕು ಅಷ್ಟೇ. ದನಿ ಅಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತದೆ ಅಂತ ಒಂದು ಸಲ ಹಾಡಿ ತೋರಿಸಿದರೆ ಸಾಕಿತ್ತು. ಆದರೆ ಪೋರ್ಷನ್ ಮುಗಿಸಬೇಕಲ್ಲ.

ಹಲಗೆ ಬಳಪ ಹಿಡಿಯದ್ದೇ ತನ್ನ ಅಗ್ಗಳಿಕೆ ಅಂತ ಕುಮಾರವ್ಯಾಸ ಕೊಚ್ಚಿಕೊಂಡಿದ್ದ. ಹಾಗಾದರೆ ರಫ್ ವರ್ಕ್ ಎಲ್ಲಿ ಮಾಡಿದನೋ! ‘ಅಮೃತಗಣ ದೇವಗಣವನರಿಯೆ’, ಅಂದರೆ ಗಣಗಳ ಲೆಕ್ಕವೇ ಗೊತ್ತಿಲ್ಲ ಎಂದ ಬಸವಣ್ಣನಿಗಂತೂ ಗ್ರೇಸ್ ಮಾರ್ಕ್ಸೇ ಗತಿ.

ಸಾಕು, ಇನ್ನು ತಮಾಷೆ ಬರುತ್ತಿಲ್ಲ. ಮೇಷ್ಟ್ರನ್ನು ಬೈದೂ ಉಪಯೋಗವಿಲ್ಲ. ಗಣತಿಗೂ ಅವರೇ, ಚುನಾವಣೆಗೂ ಅವರೇ, ರಿಸಲ್ಟ್ ಇಳಿದರೆ ಉತ್ತರ ಕೊಡಬೇಕಾದವರೂ ಅವರೇ. ಪದ್ಯ ಹಾಡುತ್ತ ಕೂತರೆ ಪರ್ಸೆಂಟೇಜ್ ಏರುತ್ತದಾ? ಮಕ್ಕಳಿಗೆ ಕಾವ್ಯ ಬೇಡ, ಅಂಕ ಸಾಕು ಅಂತ ಮೇಲೆ ಕೂತವರು ತೀರ್ಮಾನಿಸಿ ಎಷ್ಟೋ ಕಾಲವಾಯಿತು. ಪಾಲಕರಾಗಿ ನಾವೂ ಹೂಂ ಅಂದಿದ್ದೇವೆ.

ಪದ್ಯದ ಕೊನೆಯಲ್ಲಿ ಕರ್ಣ ಕೃಷ್ಣನಿಗೆ ಮಾತು ಕೊಡುತ್ತಾನೆ. ನಿನ್ನ ಐವರನ್ನು ನೋಯಿಸುವುದಿಲ್ಲ, ರಾಜೀವಸಖನಾಣೆ. ಆ ಐವರು ತನ್ನ ತಮ್ಮಂದಿರು ಅಂತ ಅವನಿಗೆ ಈಗಷ್ಟೇ ತಿಳಿದಿದೆ. ಅಪ್ಪ ಯಾರು ಅಂತಲೂ ಈಗಷ್ಟೇ ತಿಳಿದಿದೆ. ಆಣೆ ಇಟ್ಟಿದ್ದು ಆ ಅಪ್ಪನ ಮೇಲೇ. ಪರೀಕ್ಷೆಗೆ ಬೇಕಾಗಿರುವುದು ರಾಜೀವಸಖ ಅಂದರೆ ಸೂರ್ಯ, ಅಷ್ಟೇ. ಅವನ ಮೇಲೇ ಯಾಕೆ ಆಣೆ ಇಟ್ಟ ಅಂತ ಕೇಳುವುದಿಲ್ಲ. ಕೇಳಿದರೆ ಒಬ್ಬೊಬ್ಬ ಹುಡುಗ ಒಂದೊಂದು ಥರ ಬರೆದುಬಿಡುತ್ತಾನೆ. ಆಮೇಲೆ ಪೇಪರ್ ತಿದ್ದುವವರ ಗತಿ ಏನು?