ಸುಳ್ಳು ನಂಬರ್ ಬರೆಸಿ ಬೆಡ್ ಕೇಳ್ತೀರಾ?

ಕೊರೋನಾ ಕಾಲದ್ದು ಎಲ್ಲ ಮರೆತರೂ ಇದೊಂದು ನೆನೆದರೆ ಈಗಲೂ ಮೈ ಉರಿಯುತ್ತೆ. ಗಂಟಲ ದ್ರವ ಕೊಡೋ ಜಾಗದಲ್ಲಿ ಸುಳ್ಳು ಮೊಬೈಲ್ ನಂಬರ್ ಬರೆಸಿದ ಮಹಾನುಭಾವರ ಕಥೆ. ಕೊನೇ ಅಂಕಿ ಒಂದು ಬದಲಿಸಿದರೆ ಮುಗೀತು, ಬಾಗಿಲಿಗೆ ಸೀಲ್‌ಡೌನ್ ಪಟ್ಟಿ ಬೀಳಲ್ಲ, ಎದುರುಮನೆಯವರಿಗೆ ಗೊತ್ತಾಗಲ್ಲ. ವಿಳಾಸ? ಬಿಟ್ಟುಬಂದ ಬಾಡಿಗೆ ಮನೇದು.

ಸ್ವಾಮಿ, ಆ ನಂಬರ್ ಕೇಳ್ತಿದ್ದದ್ದು ಯಾತಕ್ಕೆ? ಸ್ಯಾಂಪಲ್ ಜೊತೆಗೇ ಎಸ್‌ಆರ್‌ಎಫ್ ಐಡಿ, ಅಂದ್ರೆ ಆ ಸ್ಯಾಂಪಲ್ಲಿನ ಗುರುತಿನ ಸಂಖ್ಯೆ. ಲ್ಯಾಬ್‌ನವರು ಪಾಸಿಟಿವ್ ಅಂತ ಪೋರ್ಟಲ್‌ಗೆ ಹಾಕಿದ ಮೇಲೆ ಬೆಂಗಳೂರಿನವರಿಗೆ ಬಿಯು ನಂಬರ್, ಅಂದ್ರೆ ಸೋಂಕಿತರ ಗುರುತಿನ ಸಂಖ್ಯೆ. 2021ರ ಏಪ್ರಿಲ್-ಮೇನಲ್ಲಿ ಸರ್ಕಾರಿ ಕೋಟಾದ ಬೆಡ್ ಬೇಕು ಅಂತ 1912ಕ್ಕೆ ಫೋನ್ ಮಾಡಿದರೆ ಕೇಳ್ತಿದ್ದದ್ದೇ ಅದನ್ನ. ಬರೆಸಿದ್ದೇ ಸುಳ್ಳು ಮೊಬೈಲ್ ನಂಬರ್, ಹಾಗಾಗಿ ಅದರ ಮೆಸೇಜ್ ಯಾರೋ ಅಪರಿಚಿತರ ಫೋನಲ್ಲಿ ಬಿದ್ದಿದೆ. ಇಲ್ಲಿ ಆಕ್ಸಿಮೀಟರಲ್ಲಿ ರಕ್ತದ ಆಮ್ಲಜನಕ 94ರ ಗಡಿಗಿಂತ ಕೆಳಗಿಳಿದು 88ಕ್ಕೆ ಬಂದಿದೆ. ಆಗ ಬೈಸಿಕೊಂಡದ್ದು ಯಾರು? ಬೆಡ್ ಹಂಚೋ ವಾರ್ ರೂಮಲ್ಲಿ ಫೋನೆತ್ತಿದ ಹುಡುಗಿ! ವ್ಯವಸ್ಥೆಯೂ ಎಡವಿತ್ತು, ಒಪ್ಪಿದೆ. ಸರಿಯಾದ ನಂಬರ್ ಕೊಟ್ಟವರೂ ಬಿಯು ನಂಬರಿಗೆ ಗಂಟೆಗಟ್ಟಲೆ ಕಾದಿದ್ದಾರೆ. ಅದಕ್ಕೇ ಹೇಳೋದು, ಮೊದಲೇ ಕುಂಟೋ ವ್ಯವಸ್ಥೆಯ ಕಾಲಿಗೆ ನೀವೂ ಯಾಕ್ರೀ ಕೊಡಲಿ ಹಾಕಿದ್ರಿ?

ಇನ್ನು ಆಶಾ ಕಾರ್ಯಕರ್ತೆ. ಬಿಸಿಲಲ್ಲಿ ಮೂರು ಮಹಡಿ ಹತ್ತಿ ಬೆಲ್ ಮಾಡಿದರೆ 'ಅವ್ರು ಖಾಲಿ ಮಾಡಿ ವರ್ಷ ಆಯ್ತಮ್ಮ' ಅಂತ ಉತ್ತರ. ರೋಗಲಕ್ಷಣ ಶುರುವಾಗೋ ಎರಡು ದಿನ ಮುಂಚಿನಿಂದಲೇ ಸೋಂಕು ಹರಡುತ್ತೆ. ಹಾಗಾಗಿ ಪ್ರಾಥಮಿಕ ಸಂಪರ್ಕದ ಪಟ್ಟಿ ಅಲ್ಲಿಂದಲೇ ಆಗಬೇಕಿತ್ತು. ಆಫೀಸಲ್ಲಿ ಪಕ್ಕದ ಸೀಟಿನವರು, ಜೊತೆಗೆ ಊಟಕ್ಕೆ ಕೂತವರು, ಮನೆಗೆಲಸದಾಕೆ, ಎಲ್ಲಾ. ರೋಗಿಯೇ ಸಿಗದಿದ್ದರೆ ಪಟ್ಟಿ ಎಲ್ಲಿಂದ ಬರ್ಬೇಕು? ಆ ಮನೆಗೆಲಸದಾಕೆ ಮಾರನೇ ದಿನ ಇನ್ನೂ ನಾಲ್ಕು ಮನೆಗೆ ಹೋಗಿ ಪಾತ್ರೆ ತಿಕ್ಕಿರ್ತಾಳೆ, ಪಾಪ, ಏನೂ ಗೊತ್ತಿಲ್ಲದೆ.

2020ರಲ್ಲಿ ಮನೇಲೇ ಕ್ವಾರಂಟೈನ್ ಆದವರ ಮೇಲೆ ಕಣ್ಣಿಡೋಕೆ ಕ್ವಾರಂಟೈನ್ ವಾಚ್ ಆ್ಯಪ್ ತಂದರು. ಬೆಳಗ್ಗೆ 7ರಿಂದ ರಾತ್ರಿ 10ರ ತನಕ ಗಂಟೆಗೊಂದು ಸೆಲ್ಫಿ, ಲೊಕೇಶನ್ ಸಮೇತ. ಅಂದ್ರೆ ಒಂದು ಸೆಲ್ಫಿ ಕಳಿಸಿ ಇನ್ನೊಂದರ ಹೊತ್ತಿಗೆ ವಾಪಸ್ ಬಂದರೆ ಸಾಕು ಅಂತ ನಮ್ಮವರು ಅರ್ಥ ಮಾಡ್ಕೊಂಡರು. ತಲೆ ಓಡಿಸೋದ್ರಲ್ಲಿ ಎತ್ತಿದ ಕೈ.

ಎಲ್ಲಕ್ಕಿಂತ ಕೆಟ್ಟದ್ದು ಪ್ಯಾರಸಿಟಮಾಲ್ ಆಟ. ಛತ್ರದ ಬಾಗಿಲಲ್ಲಿ ಥರ್ಮಲ್ ಗನ್ ಹಿಡೀತಾರೆ ಅಂತ ಒಂದು ಗಂಟೆ ಮುಂಚೆ 650ರ ಮಾತ್ರೆ. ಜ್ವರ ನಾಲ್ಕರಿಂದ ಆರು ಗಂಟೆ ತಗ್ಗುತ್ತೆ, ವೈರಸ್ ಎಲ್ಲೂ ಹೋಗಿರಲ್ಲ. ಮುಹೂರ್ತ, ಫೋಟೋ, ಎರಡನೇ ಪಂಕ್ತಿ ಊಟ ಎಲ್ಲಾ ಅಷ್ಟರಲ್ಲಿ ಮುಗಿದಿರುತ್ತೆ. ಆಮೇಲೆ ಪಕ್ಕದ ಎಲೆಯಲ್ಲಿ ಕೂತಿದ್ದ ಅಜ್ಜಿಗೆ ಉಸಿರಾಟದ ತೊಂದರೆ ಅಂತ ಫೋನ್ ಬಂದರೆ 'ಅಯ್ಯೋ, ಎಲ್ಲಿಂದ ಬಂತೋ' ಅಂತಾರೆ. ನಾಚಿಕೆ ಆಗಲ್ವಾ?