ಸೊಪ್ಪಿನ ಬೆಟ್ಟದ ಓಟಿಪಿ

ನಮ್ಮ ಮನೆ ಹಿಂದಿರುವುದು ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ಒಣಗಿದ ಎಲೆಯ ದರಕು ಎಲ್ಲ ಅಲ್ಲಿಂದಲೇ. ಈಗೀಗ ಓಟಿಪಿಯನ್ನೂ ಅಲ್ಲಿಂದಲೇ ತರುತ್ತೇವೆ.

ನೆತ್ತಿಯಲ್ಲಿ ಒಂದು ಮತ್ತಿ ಮರ ಇದೆ. ಅದರ ಬುಡದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತದೆ. ಕೂತರೆ ಒಂದೇ ಕಡ್ಡಿ. ಪೇಟೆಯಲ್ಲಿ ಕರೆಂಟು ಹೋದರೆ ಅದೂ ಇಲ್ಲ. ಶಿರಸಿಯಿಂದ ದೂರ ಏನಿಲ್ಲ, ಆದರೆ ಟವರಿಗೂ ನಮಗೂ ನಡುವೆ ಇನ್ನೊಂದು ಗುಡ್ಡ ಅಡ್ಡ ಮಲಗಿದೆ. ಅದನ್ನು ಏಳಿಸುವವರು ಯಾರು?

ಇಂಥ ಊರಿಗೆ ಕ್ರಿಸ್‌ಮಸ್‌ಗೆ ಒಂದು ವಾರ ಮೊದಲು ನನ್ನ ತಮ್ಮ ನ್ಯೂಜೆರ್ಸಿಯಿಂದ ಬಂದ. ಅಲ್ಲಿ ಆ ವಾರ ಆಫೀಸಿನಲ್ಲಿ ಯಾರೂ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲವಂತೆ. ಕೆಂಪು ಟೋಪಿ, ಕೇಕು, ಚೀಟಿ ಎತ್ತಿ ಒಬ್ಬರಿಗೊಬ್ಬರು ಉಡುಗೊರೆ ಕೊಡುವ ಆಟ. ಅದೆಲ್ಲ ಬಿಟ್ಟು ಬಂದಿದ್ದ. "ಅಣ್ಣಯ್ಯ, ಈ ಸಲ ಎಲ್ಲೂ ಹೋಗೂದಿಲ್ಲೆ. ಸುಮ್ನೆ ಜಗಲಿ ಮೇಲೆ ಬಿದ್ಕಂಡಿರ್ತಿ" ಅಂದ. ಆಯಿ ತೊಡದೇವು ಅನ್ನುವ ತೆಳು ಸಿಹಿತಿಂಡಿ ಎರೆಯಲು ಮಡಕೆ ತೊಳೆದಿಟ್ಟಿದ್ದಳು.

ಬ್ಯಾಂಕಿನಿಂದ ಬಂದ ಕಾಗದ ಅವನ ಕೈಗೆ ಕೊಟ್ಟಿದ್ದು ನನ್ನದೇ ತಪ್ಪು. ಕೆವೈಸಿ ಮಾಡಿಸದಿದ್ದರೆ ಖಾತೆ ನಿಲ್ಲಿಸುತ್ತೇವೆ ಅಂತ ಇತ್ತು. ಕ್ಯಾಲೆಂಡರ್ ನೋಡಿದೆವು. ಗುರುವಾರ ಕ್ರಿಸ್‌ಮಸ್ ರಜೆ, 27ಕ್ಕೆ ನಾಲ್ಕನೇ ಶನಿವಾರ, 28 ಭಾನುವಾರ. ಅವನೋ 24ರ ರಾತ್ರಿಯೇ ಮಾವನ ಮನೆಗೆ ಹೊರಡಬೇಕು. ಆಗುವುದಿದ್ದರೆ ಕ್ರಿಸ್‌ಮಸ್‌ಗೆ ಮೊದಲೇ ಆಗಬೇಕು.

ಬ್ಯಾಂಕಿನಲ್ಲಿ ಇದ್ದವರು ತುಂಬಾ ಒಳ್ಳೆಯವರು. ಟೀ ತರಿಸಿದರು. ಅಮೆರಿಕದಲ್ಲಿ ಚಳಿ ಹೇಗಿದೆ ಕೇಳಿದರು. ಆಮೇಲೆ ಹೇಳಿದರು, "ಸರ್, ಖಾತೆಯಲ್ಲಿರೋದು ನಿಮ್ಮ ಹಳೇ ನಂಬರ್. ಅದನ್ನ ಬದಲಿಸಬೇಕು. ಬದಲಿಸೋಕೆ ಹಳೇ ನಂಬರಿಗೆ ಒಂದು ಓಟಿಪಿ ಹೋಗುತ್ತೆ, ಅದನ್ನ ಹೇಳಿ."

ಹಳೇ ನಂಬರ್ ಯಾವತ್ತೋ ಸತ್ತಿತ್ತು. 90 ದಿನ ಬಳಸದ ಸಿಮ್ಮನ್ನು ಕಂಪನಿಯವರು ನಿಲ್ಲಿಸಬಹುದು, ನಂಬರನ್ನು ಬೇರೆಯವರಿಗೆ ಕೊಡಬಹುದು. ಇವನು ಅಮೆರಿಕದಲ್ಲಿ ಸಾವಿರಾರು ದಿನ ಕಳೆದಿದ್ದಾನೆ. ಹಾಗಾದರೆ ಆಧಾರ್ ಓಟಿಪಿ ಕೊಡಿ ಅಂದರು. ಆಧಾರಿಗೂ ಜೋಡಿಸಿದ್ದು ಅದೇ ನಂಬರ್.

ಮತ್ತಿ ಮರದ ಬುಡಕ್ಕೆ ಹೋಗಿ ಆ ನಂಬರಿಗೆ ಫೋನ್ ಮಾಡಿದೆವು. ಎತ್ತಿದವರು ಬ್ಯಾಡಗಿ ಕಡೆಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ. ವಿಷಯ ಹೇಳಿದ ಕೂಡಲೇ ಖುಷಿಪಟ್ಟರು. "ಓ, ಅವ್ರು ನೀವೇನ್ರೀ! ಎರಡು ವರ್ಷದಿಂದ ನಿಮ್ಮ ಮೆಸೇಜ್ ನನಗ ಬರಾಕತ್ತಾವ." ಹಾಗಾದರೆ ನಾಳೆ ಒಂದು ಓಟಿಪಿ ಬರುತ್ತದೆ, ದಯವಿಟ್ಟು ಹೇಳಿ ಅಂದ ತಮ್ಮ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅಲ್ರೀ, ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಅದರೊಳಗ ಬರದೈತಲ್ರೀ. ನಾ ಹೆಂಗ ಹೇಳ್ಲಿ?"

ಇಡೀ ದೇಶದಲ್ಲಿ ಆ ಸಾಲನ್ನು ಪೂರ್ತಿ ಓದಿದವರು ಅವರೊಬ್ಬರೇ ಇರಬೇಕು.

ಉಳಿದಿದ್ದು ಆಧಾರ್ ಕೇಂದ್ರ. ಬೆರಳು ಒತ್ತಿ 75 ರೂಪಾಯಿ ಕೊಟ್ಟರೆ ನಂಬರ್ ಬದಲಿ. ಆದರೆ ನಮ್ಮಲ್ಲಿ ಇದು ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಕಾಲ. ಹಿಂದಿನ ರಾತ್ರಿ ಇವನು ಹುರುಪಿನಲ್ಲಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಕೂತಿದ್ದ. ಫೋಟೋ ಚೆನ್ನಾಗಿಯೇ ಬಂತು. ಬೆರಳೆಲ್ಲ ಚೊಗರು ಹಿಡಿದು ಕಪ್ಪಾಯಿತು, ಎರಡು ಕಡೆ ಕುಯ್ದುಕೊಂಡ. ಯಂತ್ರ ಅವನ ಬೆರಳನ್ನು ಒಪ್ಪಲಿಲ್ಲ. ಕಣ್ಣು ನೋಡುವ ಯಂತ್ರ ರಿಪೇರಿಗೆ ಹೋಗಿತ್ತು. "ಲಿಂಬೆಹಣ್ಣು ತಿಕ್ಕಿಕೊಂಡು ನಾಳೆ ಬನ್ನಿ" ಅಂದರು. ಈ ಕಡೆಯ ಜನ ವರ್ಷದಲ್ಲಿ ಮೂರು ತಿಂಗಳು ಅಡಿಕೆ ಸುಲಿಯುತ್ತಾರೆ. ಆ ಮೂರು ತಿಂಗಳು ನಾವು ಯಾರೂ ನಾವಲ್ಲ.

ಅಪ್ಪಯ್ಯನದೂ ಅದೇ ಕತೆ. ಕನ್ನಡ ಶಾಲೆ ಮಾಸ್ತರಿಕೆಯಿಂದ ನಿವೃತ್ತಿಯಾದವರು. ನವೆಂಬರಿನಲ್ಲಿ ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡಬೇಕು. ಬೆರಳು ಬೀಳದೆ ಡಿಸೆಂಬರ್ ಆಗಿತ್ತು. ಪಹಣಿಯ ಕತೆ ಇದಕ್ಕೆ ತಿರುವುಮುರುವು. ಅದಿನ್ನೂ ಅಜ್ಜನ ಹೆಸರಿನಲ್ಲಿದೆ, ಅದಕ್ಕೆ ಅಜ್ಜನ ಆಧಾರ್ ಜೋಡಿಸಬೇಕಂತೆ. ಅಜ್ಜ ಹೋಗಿದ್ದು 1991ರಲ್ಲಿ. ದೇಶದ ಮೊದಲ ಆಧಾರ್ ಕೊಟ್ಟಿದ್ದು 2010ರಲ್ಲಿ. ಇನ್ನು 19 ವರ್ಷ ತಡೆದುಕೊಳ್ಳದ ಅಜ್ಜನದೇ ತಪ್ಪು ಅಂತ ಬಿಟ್ಟೆವು.

ಅಪ್ಪಯ್ಯನ ಕೆಲಸವಾದರೂ ಮುಗಿಸೋಣ ಅಂತ ತಮ್ಮ ಹಟ ಹಿಡಿದ. ಓಟಿಪಿ ಹಾಕಿ ಬ್ಯಾಂಕಿನವರಿಗೆ ವೀಡಿಯೋದಲ್ಲಿ ಮುಖ ತೋರಿಸಿದರೂ ಆಗುತ್ತದಂತೆ. ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದೆ. ಸಂಜೆ ಏಳೂವರೆಗೆ, ಅಂದರೆ ಅಲ್ಲಿಯ ಬೆಳಗಿನ ಒಂಬತ್ತಕ್ಕೆ, ನ್ಯೂಜೆರ್ಸಿಯ ಮೀಟಿಂಗ್ ನಮ್ಮ ಜಗಲಿಯಲ್ಲೇ ಸಲೀಸಾಗಿ ನಡೆಯುತ್ತದೆ. ಅಮೆರಿಕದ ಕಂಪನಿ ನಡೆಸಲು ನಮ್ಮ ಊರು ಸಾಕು. ಅಪ್ಪಯ್ಯ ಇದ್ದಾರೆ ಅಂತ ಹೇಳಲು ಮಾತ್ರ ಬೆಟ್ಟ ಹತ್ತಬೇಕು, ಯಾಕಂದರೆ ಓಟಿಪಿ ಬರುವುದು ನನ್ನ ಫೋನಿಗೆ. ಆಧಾರ್ ಓಟಿಪಿಯ ಆಯಸ್ಸು 10 ನಿಮಿಷ. ಬೆಟ್ಟದಿಂದ ಮನೆಗೆ ಇಳಿಯಲು 12 ನಿಮಿಷ, ಅದೂ ಮಂಡಿ ನೆಟ್ಟಗಿದ್ದರೆ.

ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ ಇದೆ. ನಾನು ಮತ್ತಿ ಮರದ ಬುಡದಲ್ಲಿ. ನನ್ನ ಹೆಂಡತಿ ನಡುದಾರಿಯಲ್ಲಿ, ನೀರು ಬೀಳುವ ಅಬ್ಬಿ ಹತ್ತಿರ. ತಮ್ಮ ಜಗಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ.

"ಬಂತನಾ?"

"ಬೈಂದಿಲ್ಲೆ!"

"ಮತ್ತೆ ಕಳಸಿದ್ದೆ, ನೋಡು!"

ಬಂತು. ಒಂದೊಂದೇ ಅಂಕಿ ಕೂಗಿದೆ. ನಾಲ್ಕು, ಒಂಬತ್ತು, ಸೊನ್ನೆ... ಅಬ್ಬಿಯಿಂದ ಅದು ಜಗಲಿಗೆ ಹೋಯಿತು. ಜೊತೆಗೆ ಆಚೆ ಕೇರಿಗೂ, ತೋಟದಲ್ಲಿ ಕೊನೆ ಇಳಿಸುತ್ತಿದ್ದ ಕೊನೆಗೌಡನಿಗೂ. ನಡುವೆ ಒಂದು ಅಂಕಿ ತಪ್ಪಿದಾಗ ಸರಿ ಮಾಡಿ ಕೂಗಿದ್ದು ಮರದ ಮೇಲಿದ್ದ ಅವನೇ. ಯಾರಿಗೂ ಹೇಳಬಾರದ ಸಂಖ್ಯೆ ನಮ್ಮ ಕಣಿವೆಯಲ್ಲಿ ಎಲ್ಲರಿಗೂ ಬಾಯಿಪಾಠ. ಏನೇ ಆಗಲಿ, ಅಪ್ಪಯ್ಯ ಬದುಕಿದರು. ನಾಲ್ಕನೇ ಸಲಕ್ಕೆ.

ತಮ್ಮನ ಬೆರಳನ್ನು ಯಂತ್ರ ಒಪ್ಪಿಕೊಂಡಿದ್ದು 24ರ ಮಧ್ಯಾಹ್ನ. ನಂಬರ್ ಬದಲಾಗಲು ಕೆಲವು ದಿನ ಬೇಕು, ಮೆಸೇಜ್ ಬರುತ್ತದೆ ಅಂದರು. ಆ ರಾತ್ರಿಯೇ ಅವನಿಗೆ ಬೆಂಗಳೂರಿನ ಬಸ್ಸು. ಜಗಲಿಯಲ್ಲಿ ಬಿದ್ದುಕೊಳ್ಳಲು ಅವನಿಗೆ ಪುರಸೊತ್ತು ಸಿಗಲಿಲ್ಲ. ತೊಡದೇವನ್ನು ಆಯಿ ಡಬ್ಬಿಯಲ್ಲಿ ಹಾಕಿ ಕೊಟ್ಟಳು. ಹೊಸ ಸಿಮ್ಮು ಈಗ ನನ್ನ ಹತ್ತಿರ ಇದೆ, 90 ದಿನಕ್ಕೊಮ್ಮೆ ಅದನ್ನು ಬೆಟ್ಟಕ್ಕೆ ಒಯ್ದು ಉಸಿರಾಡಿಸಬೇಕು.

ಮರುದಿನ ಮೆಸೇಜ್ ಬಂದಿದೆಯಾ ನೋಡಲು ಬೆಟ್ಟ ಹತ್ತಿದೆ. ಬಂದಿರಲಿಲ್ಲ. ಬ್ಯಾಡಗಿಯವರ ಮೂರು ಮಿಸ್ಡ್ ಕಾಲ್ ಇತ್ತು. ಗಾಬರಿಯಿಂದ ಮಾಡಿದೆ.

"ನಿಮ್ಮ ತಮ್ಮಗ ಬ್ಯಾಂಕಿನವ್ರು ಕ್ರಿಸ್‌ಮಸ್ ಶುಭಾಶಯ ಕಳಸ್ಯಾರ ನೋಡ್ರಿ" ಅಂದರು. "ಇದನ್ನ ಹೇಳಬಹುದಲ್ರೀ?"